ಗಾಳಿಯಾಡದ ಮನೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸ್ವಲ್ಪ ಸುಲಭವಾಗುತ್ತದೆ.

ಡೆಟ್ರಾಯಿಟ್ ಕಡೆಯ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಹದಿಮೂರು ವರ್ಷ ಕೆಲಸ ಮಾಡಿದವಳು ನಾನು. ಶಾಖದ ಲೆಕ್ಕ ಹಾಕುವುದೇ ನನ್ನ ಉದ್ಯೋಗ. ಇಂಜಿನ್ನಿನ ಬಿಸಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಷ್ಟು ಹೋಗಬೇಕು, ಎಷ್ಟು ಉಳಿಯಬೇಕು, ಇಷ್ಟೇ. ರಿಸೆಶನ್ ಬಂದ ವರ್ಷ ಒಂದು ಮಂಗಳವಾರ ಬೆಳಿಗ್ಗೆ ನಮ್ಮ ಗುಂಪಿನವರನ್ನೆಲ್ಲ ಒಂದು ಕೋಣೆಗೆ ಕರೆದು, ತಲೆಗೊಂದು ರಟ್ಟಿನ ಡಬ್ಬ ಕೊಟ್ಟು, ಮನೆಗೆ ಹೋಗಿ ಅಂದರು. ಎರಡು ತಿಂಗಳಿಗೆ ನನ್ನ ಗಂಡನ ವಿಭಾಗವೂ ಮುಚ್ಚಿತು. ಅವನಿಗೆ ಹೇಗೋ ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಒಂದು ಕಾಂಟ್ರ್ಯಾಕ್ಟ್ ಸಿಕ್ಕಿತು. ವಾರವಿಡೀ ಅಲ್ಲಿ ಸ್ನೇಹಿತರೊಬ್ಬರ ಬೇಸ್‌ಮೆಂಟಿನಲ್ಲಿ ಮಲಗಿ, ಶುಕ್ರವಾರ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಬರುವಾಗ ಶಿಕಾಗೋದ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂದಿಂದ ತೊಗರಿಬೇಳೆ, ಒಣಮೆಣಸಿನಕಾಯಿ, ಕರಿಬೇವು ತರುತ್ತಿದ್ದ. ನಾವಿಬ್ಬರೂ ಒಂದೇ ಕಾಲೇಜಿನವರು, ಹಾಗಾಗಿ ಅವನನ್ನು ನಾನು ಏಕವಚನದಲ್ಲೇ ಕರೆಯುವುದು. ಅತ್ತೆಗೆ ಮೊದಮೊದಲು ಇದು ಇರಿಸುಮುರಿಸು, ಆಮೇಲೆ ಅಭ್ಯಾಸವಾಯಿತು.

ನಾನು ಮತ್ತು ಎಂಟು ವರ್ಷದ ಮಗಳು ವೆಸ್ಟ್ ಬ್ಲೂಮ್‌ಫೀಲ್ಡ್‌ನ ಮನೆಯಲ್ಲೇ ಉಳಿದೆವು. ಹೆಸರು ಕೇಳಿದರೆ ಶ್ರೀಮಂತರ ಊರೆಂದು ಜನ ಹುಬ್ಬೇರಿಸುತ್ತಾರೆ, ಆದರೆ ನಮ್ಮದು ಆ ಊರಿನ ಹಳೇ ಬಡಾವಣೆ. ನಲವತ್ತು ವರ್ಷಕ್ಕೂ ಹಿಂದಿನ ಮನೆ, ಬಿಸಿ ಹೊರಹೋಗದಂತೆ ಅಟ್ಟದ ಮೇಲೆ ಹಾಸಿದ ಇನ್ಸುಲೇಶನ್ ಅಂದರೆ ಇಲಿ ಕೆದರಿದ ಹಳೇ ಹತ್ತಿ. ಮಾರೋಣವೆಂದರೆ ಕೊಳ್ಳುವವರಿಲ್ಲ. ನಮ್ಮ ರಸ್ತೆಯಲ್ಲೇ ಮೂರು ಮನೆಗಳನ್ನು ಬ್ಯಾಂಕಿನವರು ಕಿತ್ತುಕೊಂಡು ಬೀಗ ಹಾಕಿದ್ದರು. ಹಿಂದಿನ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಬಂದ ಗ್ಯಾಸಿನ ಬಿಲ್ಲನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದೆ. ಕೆಲಸವಿಲ್ಲದ ಮನುಷ್ಯರಿಗೆ ಗೆಲ್ಲಲು ಏನಾದರೊಂದು ಬೇಕಲ್ಲ. ನಾನು ಚಳಿಗಾಲವನ್ನು ಗೆಲ್ಲುತ್ತೇನೆಂದು ಹಟ ಹಿಡಿದೆ.

ಊರು ಬಿಟ್ಟು ಹೋಗುತ್ತಿದ್ದ ಒಬ್ಬರಿಂದ ಹಳೇ ಎರಕದ ಕಬ್ಬಿಣದ ಸೌದೆ ಸ್ಟೋವ್ ಸಿಕ್ಕಿತು. ಫ್ಯಾಮಿಲಿ ರೂಮಿನ ಅಗ್ಗಿಷ್ಟಿಕೆಯ ಗೂಡಿನಲ್ಲಿ ಅದನ್ನು ಕೂರಿಸಿ, ಚಿಮಣಿಯೊಳಗೆ ಉಕ್ಕಿನ ಕೊಳವೆ ಇಳಿಸಿದ್ದು ಸರಿಯಾದ ಕೆಲಸಗಾರನೇ. ಅದರಲ್ಲಿ ತಪ್ಪಿರಲಿಲ್ಲ. ಸೌದೆಗಂತೂ ಬರವೇ ಇರಲಿಲ್ಲ. ಆ ವರ್ಷಗಳಲ್ಲಿ ಒಂದು ಹಸಿರು ದುಂಬಿ ನಮ್ಮ ಮಿಷಿಗನ್ ರಾಜ್ಯದ ಆ್ಯಷ್ ಮರಗಳನ್ನೆಲ್ಲ ಒಳಗಿಂದ ತಿಂದು ಹಾಕಿತ್ತು. ರಸ್ತೆಯುದ್ದಕ್ಕೂ ಸತ್ತ ಮರಗಳು. ಕಡಿದವರು ತುಂಡುಗಳನ್ನು ಮನೆಯ ಮುಂದೆ ರಾಶಿ ಹಾಕಿ, ಬೇಕಾದವರು ತಗೊಳ್ಳಿ ಎಂದು ಬರೆದಿಡುತ್ತಿದ್ದರು. ಹೆಂಗಸೊಬ್ಬಳು ಹೋಂಡಾ ವ್ಯಾನಿನಲ್ಲಿ ಸೌದೆ ತುಂಬುವುದನ್ನು ನೆರೆಯವರು ನಿಂತು ನೋಡುತ್ತಿದ್ದರು. ಮೊದಲ ದಿನ ನಾಚಿಕೆಯಾಯಿತು, ಎರಡನೆಯ ದಿನದಿಂದ ಆಗಲಿಲ್ಲ.

ಅಕ್ಟೋಬರಿನಲ್ಲಿ ಅತ್ತೆ ಬಂದರು. ಮೈಸೂರಿನಲ್ಲಿ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಸಣ್ಣ ಜೀವ, ಗಟ್ಟಿ ಕೈ. ಎರಡು ವರ್ಷಕ್ಕೊಮ್ಮೆ ಆರು ತಿಂಗಳಿಗೆಂದು ಬರುತ್ತಿದ್ದರು. ಈ ಸಲ ಬೇಡ ಎನ್ನಲು ನನ್ನ ಗಂಡನಿಗೆ ಬಾಯಿ ಬರಲಿಲ್ಲ. ಬಂದ ಮರುವಾರವೇ ಅವರನ್ನು ಕೆಲಸಕ್ಕೆ ಹಚ್ಚಿದೆ. ಅಟ್ಟಕ್ಕೆ ಇನ್ಸುಲೇಶನ್ ಊದುವ ಯಂತ್ರವನ್ನು ಬಾಡಿಗೆಗೆ ತಂದಿದ್ದೆ. ಹಳೇ ಪೇಪರನ್ನು ನುಣ್ಣಗೆ ಅರೆದು ಮಾಡಿದ ಬೂದು ಪುಡಿ, ಮೂಟೆ ಮೂಟೆ. ಕೆಳಗೆ ಗ್ಯಾರೇಜಿನಲ್ಲಿ ಅದನ್ನು ಯಂತ್ರದ ಬಾಯಿಗೆ ತುಂಬಲು ಒಬ್ಬರು, ಮೇಲೆ ಅಟ್ಟದಲ್ಲಿ ಪೈಪ್ ಹಿಡಿಯಲು ಒಬ್ಬರು ಬೇಕು. ಅತ್ತೆ ಸೀರೆಯ ಮೇಲೆ ಮಗನ ಹಳೇ ಜಾಕೆಟ್ ತೊಟ್ಟು, ಮಂಕಿ ಟೋಪಿ ಹಾಕಿ, ಮೂಗಿಗೆ ಟವೆಲ್ ಕಟ್ಟಿಕೊಂಡು, ಇಪ್ಪತ್ತೇಳು ಮೂಟೆ ತುಂಬಿದರು. ಮುಗಿಸಿ ನಾನು ಕೆಳಗಿಳಿದು ಬಂದಾಗ ಇಬ್ಬರ ಹುಬ್ಬುಗಳೂ ಬೂದು ಬಣ್ಣ. ಅವರು ನನ್ನನ್ನು ನೋಡಿ ನಕ್ಕರು, ನಾನು ಅವರನ್ನು ನೋಡಿ ನಕ್ಕೆ. ಅತ್ತೆ ಸೊಸೆ ಹಾಗೆ ಒಟ್ಟಿಗೆ ನಕ್ಕಿದ್ದು ಅದಕ್ಕೆ ಮುಂಚೆ ಯಾವಾಗ ಎಂದು ನನಗೆ ನೆನಪಿಲ್ಲ.

ಆಮೇಲೆ ನಾನು ಸಂದುಗಳ ಬೆನ್ನು ಹತ್ತಿದೆ. ಊದುಬತ್ತಿ ಹಚ್ಚಿಕೊಂಡು ಗೋಡೆಯುದ್ದಕ್ಕೂ ನಡೆಯುವುದು. ಹೊಗೆ ಎಲ್ಲಿ ಅಲುಗುತ್ತದೋ ಅಲ್ಲಿ ಗಾಳಿ ನುಗ್ಗುತ್ತಿದೆ ಎಂದರ್ಥ. ಸ್ವಿಚ್ಚಿನ ಹಿಂದೆ, ಬಾಗಿಲ ಚೌಕಟ್ಟಿನ ಸುತ್ತ, ನಲ್ಲಿಯ ಪೈಪು ಗೋಡೆಯೊಳಗೆ ಹೋಗುವ ತೂತಿನಲ್ಲಿ, ಎಲ್ಲ ಕಡೆ ಫೋಮ್ ತುಂಬಿದೆ. ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹೇರ್ ಡ್ರೈಯರಿನ ಬಿಸಿಗೆ ಡೋಲಿನ ಚರ್ಮದ ಹಾಗೆ ಬಿಗಿ ಮಾಡಿದೆ. ನವೆಂಬರ್ ಕೊನೆಯ ಹೊತ್ತಿಗೆ ಊದುಬತ್ತಿಯ ಹೊಗೆ ಮನೆಯ ಯಾವ ಮೂಲೆಯಲ್ಲೂ ಅಲುಗದೆ ನೆಟ್ಟಗೆ ಮೇಲೇರುತ್ತಿತ್ತು. ನನಗೆ ಅದನ್ನು ನೋಡುವುದೇ ಒಂದು ಸುಖ. ಮನೆಗೆಲ್ಲ ಬಿಸಿಗಾಳಿ ಊದುವ ಗ್ಯಾಸಿನ ಫರ್ನೆಸ್ಸನ್ನು ಈ ದೇಶದ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಐವತ್ತು ಡಿಗ್ರಿಗೆ ಇಳಿಸಿ, ಸ್ಟೋವಿನ ಮೇಲೆಯೇ ಸಂಸಾರ ನಡೆಸಿದೆವು. ಹೊರಗೆ ನೀರು ಹೆಪ್ಪುಗಟ್ಟುವ ಹತ್ತು ಡಿಗ್ರಿ ಇದ್ದರೂ ಫ್ಯಾಮಿಲಿ ರೂಮಿನಲ್ಲಿ ಮಗಳು ಸಾಕ್ಸ್ ಇಲ್ಲದೆ ಓಡಾಡುತ್ತಿದ್ದಳು.

ನನ್ನ ಗಂಡನಿಗೆ ಮಾತ್ರ ಮೊದಲಿನಿಂದಲೂ ಅಳುಕು. ಮನೆಯೊಳಗೆ ಬೆಂಕಿ, ನಾನು ಊರಲ್ಲಿರಲ್ಲ ಎನ್ನುತ್ತಿದ್ದ. ಕೊನೆಗೆ ಹೊಗೆಗೂ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಗಾಳಿಗೂ ಸೇರಿ ಕೂಗುವ ಅಲಾರಮ್ ಒಂದನ್ನು ತಂದು, ಅಡುಗೆಮನೆಗೂ ಸ್ಟೋವಿಗೂ ನಡುವಿನ ಹಾದಿಯ ಗೋಡೆಗೆ, ಎತ್ತರದಲ್ಲಿ, ತಾನೇ ನಿಂತು ಜಡಿದ. "ಒಂದೇ ಒಂದು ಮಾತು. ಇದನ್ನ ಯಾವತ್ತೂ ತೆಗೀಬೇಡ. ಮಗು ಇರೋ ಮನೆ" ಅಂದ. ತೆಗೆಯುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಈ ದೇಶದಲ್ಲಿ ಸಂಸಾರ ಮಾಡಿದ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಗ್ಗರಣೆ ಹಾಕಿದರೆ ಅಲಾರಮ್ ಕೂಗುತ್ತದೆ. ಮೆಣಸಿನಕಾಯಿ ಎಣ್ಣೆಗೆ ಬಿದ್ದ ತಕ್ಷಣ ಒಬ್ಬರು ಟವೆಲ್ ಹಿಡಿದು ಅದರ ಕೆಳಗೆ ಬೀಸಲು ಓಡಬೇಕು. ಮನೆ ಕೊಂಡ ಹೊಸದರಲ್ಲಿ ಕೋಟುಗಳಿಗೆಲ್ಲ ಇಂಗಿನ ವಾಸನೆ ಹತ್ತುತ್ತದೆಂದು ಒಲೆಯ ಮೇಲೆ ಒಂದು ದೈತ್ಯ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೆವು, ಹೋಟೆಲಿನಲ್ಲಿರುತ್ತದಲ್ಲ ಅಂಥದ್ದು. ಅದು ಗಾಳಿಯನ್ನು ನೇರವಾಗಿ ಮನೆಯಾಚೆ ದಬ್ಬುತ್ತಿತ್ತು. ಅದನ್ನು ಹಾಕಿಕೊಂಡರೂ ಅಲಾರಮ್ ಒಮ್ಮೊಮ್ಮೆ ಬಡಿದುಕೊಳ್ಳುತ್ತಿತ್ತು.

ಅತ್ತೆಗೆ ಒಂದು ನೇಮವಿತ್ತು. ಮುಸ್ಸಂಜೆಗೆ ದೇವರ ದೀಪ ಹಚ್ಚಿ ಮುಂಬಾಗಿಲು ತೆರೆದಿಡುವುದು. ಲಕ್ಷ್ಮಿ ಬರುವ ಹೊತ್ತು. ಬಾಗಿಲು ತೆರೆದಿಟ್ಟೇ ಅಡುಗೆಮನೆಗೆ ಹೋಗಿ, ಫ್ಯಾನ್ ಹಾಕಿ, ರಾತ್ರಿಯ ಸಾರಿಗೆ ಒಗ್ಗರಣೆ ಕೊಟ್ಟು, ತಿರುಗಿ ಬಂದು ಮುಚ್ಚುತ್ತಿದ್ದರು. ಅಷ್ಟರಲ್ಲಿ ದಿನವಿಡೀ ಕೂಡಿಟ್ಟ ಬಿಸಿಯೆಲ್ಲ ಹೊರಟುಹೋಗುತ್ತಿತ್ತು. ಡಿಸೆಂಬರ್ ಪೂರ್ತಿ ಹಲ್ಲು ಕಚ್ಚಿ ಸುಮ್ಮನಿದ್ದೆ. ಜನವರಿಯ ಒಂದು ಸಂಜೆ, ಹೊರಗೆ ಸೊನ್ನೆಗೆ ಇಳಿದಿತ್ತು, ಅವತ್ತೇ ಎರಡು ಕಡೆಯಿಂದ ಕೆಲಸ ಇಲ್ಲವೆಂದು ಉತ್ತರ ಬಂದಿತ್ತು. ಅತ್ತೆ ಬಾಗಿಲು ತೆರೆದರು. ನನ್ನ ಬಾಯಿ ಜಾರಿತು.

"ಅತ್ತೆ, ಬರೋ ಹಾಗಿದ್ರೆ ಲಕ್ಷ್ಮಿ ಇಷ್ಟ್ಹೊತ್ತಿಗೆ ಬಂದಿರ್ತಿದ್ಲು. ಹಾಕಿ ಬಾಗಿಲು."

ಅತ್ತೆ ಹೋಗಿ ಬಾಗಿಲು ಹಾಕಿದರು. ಮರುದಿನ ತಮ್ಮದೊಂದು ಹಳೇ ನೂಲಿನ ಸೀರೆ ಹರಿದು, ಉದ್ದನೆಯ ಚೀಲ ಹೊಲಿದು, ಅದಕ್ಕೆ ಚಿಂದಿ ತುಂಬಿ ಹೊಸ್ತಿಲಿನ ಸಂದಿಗೆ ಒತ್ತಿಟ್ಟರು. ಅಲ್ಲಿ ಗಾಳಿ ಬರ್ತಿತ್ತು ಕಣೆ ಎಂದಷ್ಟೇ ಹೇಳಿದರು. ಆ ಚೀಲ ನೋಡಿ ನನಗೆ ನಾಚಿಕೆಯಾಗಬೇಕಿತ್ತು. ಅಳತೆ ಸರಿಯಾಗಿ ಕೂತಿದೆಯಲ್ಲ ಎಂದು ಸಮಾಧಾನವಾಯಿತು, ನಿಜ ಹೇಳುತ್ತೇನೆ. ಅಂದಿನಿಂದ ಮುಸ್ಸಂಜೆಯಲ್ಲಿ ಬಾಗಿಲು ತೆರೆಯಲಿಲ್ಲ.

ಅಲ್ಲಿಂದ ತಲೆನೋವು ಶುರುವಾಯಿತು. ಅತ್ತೆಗೆ ಅಡುಗೆಯ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಕೂತಲ್ಲೇ ಕೂರುತ್ತಿದ್ದರು, ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುತ್ತಿದ್ದರು. ನಾನು ಅದನ್ನು ಮುನಿಸು ಎಂದುಕೊಂಡೆ. ಬಾಗಿಲಿನ ಮಾತಿಗೆ ಸೇಡು ತೀರಿಸುತ್ತಿದ್ದಾರೆ ಎಂದು ನನಗೂ ಒಳಗೊಳಗೇ ಸಿಟ್ಟು. ನನ್ನ ತಲೆಯೂ ನೋಯುತ್ತಿತ್ತು, ಅದಕ್ಕೆ ಕೆಲಸ ಸಿಗದ ಚಿಂತೆಯೇ ಕಾರಣವೆಂದುಕೊಂಡೆ. ಮಗಳು ದಿನವಿಡೀ ಸ್ಕೂಲಿನಲ್ಲಿರುತ್ತಿದ್ದರಿಂದ ಅವಳಿಗೆ ಏನೂ ಆಗಿರಲಿಲ್ಲ.

ಫೆಬ್ರವರಿ ಮೊದಲ ವಾರ ನನಗೊಂದು ಫೋನ್ ಇಂಟರ್‌ವ್ಯೂ ಬಂತು. ನಾಲ್ಕು ತಿಂಗಳಲ್ಲಿ ಮೊದಲನೆಯದು. ಮಧ್ಯಾಹ್ನ, ಊಟದ ಟೇಬಲ್ಲಿನ ಮೇಲೆ ಕಾಗದ ಹರಡಿ ಕೂತಿದ್ದೆ. ಮಾತು ಚೆನ್ನಾಗಿಯೇ ನಡೆದಿತ್ತು. ಇದ್ದಕ್ಕಿದ್ದಂತೆ ತಲೆಯ ಹಿಂದೆಯೇ ಅಲಾರಮ್ ಕಿರುಚಿತು. ಅತ್ತೆ ಅಡುಗೆಮನೆಯಿಂದ ಟವೆಲ್ ಹಿಡಿದು ಓಡಿಬಂದರು. ಬೀಸಿದಷ್ಟೂ ಕಿರುಚಿತು. ಫೋನಿನಲ್ಲಿದ್ದ ಮನುಷ್ಯ ಏನಾದರೂ ತೊಂದರೆಯೇ ಎಂದು ಕೇಳಿದ. ಇಲ್ಲ ಸರ್, ಅಡುಗೆ ಎಂದೆ. ಕುರ್ಚಿ ಹತ್ತಿ ಅಲಾರಮ್ಮನ್ನು ಕಿತ್ತು, ಬ್ಯಾಟರಿ ಕಳಚಿ, ಡ್ರಾಯರಿನೊಳಗೆ ದಬ್ಬಿದೆ. ಮಾತು ಮುಂದುವರಿಸಿದೆ. ಆ ಕೆಲಸವೂ ನನಗೆ ಸಿಗಲಿಲ್ಲ, ಅದು ಬೇರೆ ವಿಷಯ.

ಫೋನ್ ಇಟ್ಟು ತಿರುಗಿದರೆ ಅತ್ತೆ ಇನ್ನೂ ಟವೆಲ್ ಹಿಡಿದು ಅಲ್ಲೇ ನಿಂತಿದ್ದಾರೆ. ನಾನು ಬಾಯಿಗೆ ಬಂದಂತೆ ಅಂದುಬಿಟ್ಟೆ. ಒಂದು ಗಂಟೆ ಒಗ್ಗರಣೆ ತಡೆಯೋಕ್ಕಾಗಲ್ವಾ ಎಂದೆ, ಮನೆಯಲ್ಲಿ ಒಬ್ಬರು ಕೆಲಸ ಹುಡುಕ್ತಿದ್ದಾರೆ ಅನ್ನೋ ಜ್ಞಾನ ಬೇಡವಾ ಎಂದೆ. ಅವರು ಎಲ್ಲ ಕೇಳಿಸಿಕೊಂಡರು.

"ನಾನಿನ್ನೂ ಒಗ್ಗರಣೆ ಹಾಕೇ ಇಲ್ವಲ್ಲೆ" ಅಂದರು. "ಬೇಳೆ ಬೇಯಕ್ಕಿಟ್ಟು ಫ್ಯಾನ್ ಹಾಕಿದ್ದೆ, ಅಷ್ಟೇ."

ಈ ಮಾತನ್ನು ನಾನು ಕೇಳಿದೆ. ಕೇಳಿಸಲಿಲ್ಲ ಎಂದು ಹೇಳುವ ಹಾಗಿಲ್ಲ. ಹಾಗಾದರೆ ಅದು ಕೂಗಿದ್ದು ಯಾತಕ್ಕೆ ಎಂದು ಒಂದು ಕ್ಷಣವಾದರೂ ಯೋಚಿಸಬಹುದಿತ್ತು. ಹದಿಮೂರು ವರ್ಷ ಸಂಬಳ ತೆಗೆದುಕೊಂಡು ಮಾಡಿದ ಕೆಲಸವೇ ಅದು. ಬದಲಿಗೆ ಹಳೇ ಬ್ಯಾಟರಿ ಇರಬೇಕು ಎಂದು ಹೇಳಿ ಸೌದೆ ತರಲು ಹೋದೆ.

ಆ ಶುಕ್ರವಾರ ಹಿಮ ಬಿದ್ದು ಸ್ಕೂಲಿಗೆ ರಜೆ ಕೊಟ್ಟರು. ಸಂಜೆ ಮಗ ಬರುತ್ತಾನೆಂದು ಅತ್ತೆ ಬೆಳಿಗ್ಗೆಯೇ ಕೋಡುಬಳೆಗೆ ಹಿಟ್ಟು ಕಲೆಸಿ, ಹತ್ತು ಗಂಟೆಯಿಂದ ಫ್ಯಾನ್ ಹಾಕಿಕೊಂಡು ಕರಿಯುತ್ತಿದ್ದರು. ಸೌದೆ ಉಳಿಯಲೆಂದು ನಾನು ಸ್ಟೋವಿನ ಗಾಳಿಕಿಂಡಿಯನ್ನು ಹೆಚ್ಚುಕಡಿಮೆ ಮುಚ್ಚಿದ್ದೆ. ಮಗಳು ಅದರ ಮುಂದೆ ಕಾರ್ಪೆಟ್ಟಿನ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. ನಾನು ಹಿತ್ತಲಿನಲ್ಲಿ ಸೌದೆ ಸೀಳುತ್ತಿದ್ದೆ. ಒಂದು ಗಂಟೆಯೋ, ಸ್ವಲ್ಪ ಹೆಚ್ಚೋ ಆಗಿರಬೇಕು. ಕೊಡಲಿ ಹಿಡಿದ ಕೈ ಜೋಮು ಹಿಡಿದಾಗ ಒಂದು ತೋಳಿನಷ್ಟು ಸೌದೆ ಎತ್ತಿಕೊಂಡು ಮನೆಯ ಮುಂದಕ್ಕೆ ಬಂದೆ.

ಮುಂಬಾಗಿಲು ಹಾರುಹೊಡೆದಿತ್ತು. ಒಳಗಿನ ಬಿಸಿ ಹೊರಗಿನ ಚಳಿಗೆ ತಾಗಿ ಬೆಳ್ಳಗೆ ಆವಿಯಾಗಿ ಹೋಗುತ್ತಿತ್ತು.

"ಯಾರು ಬಾಗಿಲು ತೆಗ್ದಿದ್ದು?" ಎಂದು ಗಂಟಲು ಹರಿಯುವಂತೆ ಕೂಗಿದೆ.

ಆಮೇಲೆ ಕಂಡದ್ದು ಅವರಿಬ್ಬರು. ಅತ್ತೆ ಬರಿಗಾಲಿನಲ್ಲಿ ಮೆಟ್ಟಿಲ ಮೇಲೆ, ಹಿಮದಲ್ಲಿ, ಒಂದು ಮಗ್ಗುಲಿಗೆ ಬಿದ್ದಿದ್ದರು. ಮಗಳು ಅವರ ತೊಡೆಯ ಮೇಲೆ. ಅವಳ ಎರಡೂ ಕಂಕುಳಿಗೆ ಅವರು ಕೈ ಹಾಕಿ ಎಳೆದುಕೊಂಡು ಬಂದಿದ್ದರು, ಆ ಕೈ ಹಾಗೇ ಬಿಗಿಯಾಗಿತ್ತು, ಬಿಡಿಸಲು ನನಗೆ ಕಷ್ಟವಾಯಿತು. ಮಗಳು ಕಣ್ಣು ಬಿಟ್ಟು, "ಮಾಮ್, ಮೈ ಹೆಡ್ ಹರ್ಟ್ಸ್" ಎಂದು ವಾಂತಿ ಮಾಡಿಕೊಂಡಳು. ಅತ್ತೆಗೆ ಎಚ್ಚರವಿರಲಿಲ್ಲ.

ಅಗ್ನಿಶಾಮಕದವರು ಬಂದರು, ಆಂಬುಲೆನ್ಸ್ ಬಂತು. ಮೀಟರ್ ಹಿಡಿದು ಮನೆಯೊಳಗೆ ಹೋಗಿ ಬಂದ ಒಬ್ಬ, ತನ್ನ ಮಗಳಿಗೆ ಹೇಳುವ ಹಾಗೆ ನಿಧಾನವಾಗಿ ನನಗೆ ವಿವರಿಸಿದ. ಆ ದೊಡ್ಡ ಫ್ಯಾನ್ ಗಾಳಿಯನ್ನು ಹೊರಗೆ ದಬ್ಬುತ್ತದೆ. ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ನೀವು ಎಲ್ಲ ಸಂದು ಮುಚ್ಚಿದ್ದೀರಿ, ಉಳಿದದ್ದು ಚಿಮಣಿ ಒಂದೇ. ಹಾಗಾಗಿ ಮನೆ ಚಿಮಣಿಯಿಂದಲೇ ಉಸಿರೆಳೆದುಕೊಂಡಿದೆ, ಸ್ಟೋವಿನ ವಿಷಗಾಳಿ ತಿರುಗಿ ಮನೆಯೊಳಗೇ ಬಂದಿದೆ. ಇದೇ ಮಾತನ್ನು ನಾನು ಕಂಪನಿಗೆ ಸೇರುವ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದೆ. ಹೋದಷ್ಟು ಬರಬೇಕು. ಮನೆಯ ಶಾಖದ ಲೆಕ್ಕವನ್ನು ಪೈಸೆ ಬಿಡದೆ ಹಾಕಿದ್ದೆ, ಉಸಿರಾಡುವ ಗಾಳಿಯ ಲೆಕ್ಕ ಹಾಕಿರಲಿಲ್ಲ. ಅಲಾರಮ್ ಎಲ್ಲಿ ಎಂದು ಅವನು ಕೇಳಿದ. ಆಂಬುಲೆನ್ಸ್ ಹೊರಡುತ್ತಿದೆ ಎಂದು ಹೇಳಿ ಓಡಿದೆ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಮಗಳು ಮಧ್ಯಾಹ್ನಕ್ಕೇ ಎದ್ದು ಕೂತು ಐಸ್‌ಕ್ರೀಮ್ ಕೇಳಿದಳು. ಅತ್ತೆಗೆ ಪ್ರಜ್ಞೆ ಬರುವಾಗ ಮೂರು ಗಂಟೆ. ನನ್ನ ಫೋನ್ ಬಂದ ಕೂಡಲೇ ಹೊರಟ ನನ್ನ ಗಂಡ ಸಂಜೆ ಆರೂವರೆಗೆ ಬಂದ. ಹಿಮದಲ್ಲಿ ಮುನ್ನೂರು ಮೈಲಿ ಹೇಗೆ ಬಂದನೋ, ಮುಖದಲ್ಲಿ ರಕ್ತವೇ ಇರಲಿಲ್ಲ. ಮಗಳನ್ನು ತಬ್ಬಿ, ಅವಳ ತಲೆಯ ಮೇಲಿಂದ ನನ್ನನ್ನೇ ನೋಡಿದ. ಅವನು ಬರುವ ದಾರಿಯಲ್ಲಿ ಅಗ್ನಿಶಾಮಕದವರು ಅವನಿಗೆ ಫೋನ್ ಮಾಡಿದ್ದರು. ಅಲಾರಮ್ ಡ್ರಾಯರಿನಲ್ಲಿ ಸಿಕ್ಕಿತೆಂದು ಹೇಳಿದ್ದರು.

"ಅಲಾರಮ್ ತೆಗೆದಿದ್ದು ಯಾರು?" ಎಂದ. ದನಿ ಏರಿಸಲಿಲ್ಲ. ಅವನ ಕೋಪ ನನ್ನಂಥದ್ದಲ್ಲ, ತಣ್ಣಗಿರುತ್ತದೆ. ನಾನು ಹೌದು ಎಂದರೆ ಅಲ್ಲಿಗೆ ಏನೋ ಒಂದು ಮುಗಿಯುತ್ತದೆ ಎಂದು ನನಗೆ ಗೊತ್ತಾಯಿತು. ಬಾಯಿ ತೆರೆದೆ.

ಪಕ್ಕದ ಮಂಚದಿಂದ ಅತ್ತೆ ಮಾಸ್ಕ್ ಸರಿಸಿದರು. "ನಾನೇ ಕಣೋ ತೆಗೆದಿದ್ದು. ಒಗ್ಗರಣೆ ಹಾಕಿದಾಗೆಲ್ಲ ಬಡ್ಕೋತಿತ್ತು. ಅವಳಿಗೆ ಗೊತ್ತಿಲ್ಲ."

ಅವನು ತಾಯಿಯ ಮೇಲೆ ಅಷ್ಟು ಕೂಗಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನರ್ಸ್ ಒಳಗೆ ಬಂದು ಹೊರಗೆ ಕಳಿಸಬೇಕಾಯಿತು. ಅತ್ತೆ ಮಾಸ್ಕನ್ನು ತಿರುಗಿ ಮುಖಕ್ಕೆ ಹಾಕಿಕೊಂಡು ಸೂರು ನೋಡುತ್ತಿದ್ದರು. ನಾನು ಅವರ ಕಾಲಿನ ಮೇಲೆ ಹೊದಿಕೆ ಸರಿ ಮಾಡಿದೆ. ಹಿಮಕ್ಕೆ ಬೆರಳುಗಳು ಕೆಂಪಗಾಗಿ ಊದಿದ್ದವು.

ಅತ್ತೆಯ ಟಿಕೆಟ್ಟನ್ನು ಅವನು ಒಂದು ತಿಂಗಳು ಮುಂಚೆಯೇ ಹೊರಡುವಂತೆ ಬದಲಿಸಿದ. ಡೆಟ್ರಾಯಿಟ್ ಏರ್‌ಪೋರ್ಟಿನಲ್ಲಿ ಅವನು ಕಾರು ನಿಲ್ಲಿಸಲು ಹೋದಾಗ ನಾವಿಬ್ಬರೇ ಉಳಿದೆವು. ನಿಜ ಹೇಳಿಬಿಡುತ್ತೇನೆ ಎಂದೆ. ಕಣ್ಣಲ್ಲಿ ನೀರು ಬಂದಿತ್ತು, ಆದರೆ ಮನಸ್ಸಿನೊಳಗೆ ಅವರು ಬೇಡ ಅನ್ನಲಿ ಎಂದೇ ಇತ್ತು.

"ಬೇಡ, ಸುಮ್ನಿರು" ಅಂದರು. "ತಾಯಿ ಮೇಲಿನ ಸಿಟ್ಟು ಎಷ್ಟು ದಿನ ಇರತ್ತೆ? ಆರು ತಿಂಗಳಿಗೆ ಮರೀತಾನೆ. ನಿನ್ ಮೇಲೆ ಆದ್ರೆ ಮರೆಯಲ್ಲ."

ನಾನು ಅದನ್ನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಆ ವಸಂತದಲ್ಲಿ ನಾವು ಮನೆಯನ್ನು ಬ್ಯಾಂಕಿಗೇ ಬಿಟ್ಟುಕೊಟ್ಟು ನೇಪರ್‌ವಿಲ್‌ನ ಅಪಾರ್ಟ್‌ಮೆಂಟ್ ಒಂದಕ್ಕೆ ಬಂದೆವು. ಅಲ್ಲಿ ಹೀಟಿಂಗ್ ಬಾಡಿಗೆಯಲ್ಲೇ ಸೇರಿತ್ತು. ಅತ್ತೆಯನ್ನು ಮತ್ತೆ ಕರೆಸುವ ಮಾತು ಬಂದಾಗಲೆಲ್ಲ ಅವನು ಬೇರೆ ಮಾತು ತೆಗೆಯುತ್ತಿದ್ದ. ಆರು ತಿಂಗಳಾಯಿತು, ವರ್ಷವಾಯಿತು, ಎರಡಾಯಿತು. ಅವನು ಮರೆಯಲಿಲ್ಲ. ಅವರು ತೀರಿಕೊಂಡು ಈಗ ಬಹಳ ವರ್ಷವಾಯಿತು. ಅವನಿಗೆ ಇವತ್ತಿಗೂ ನಿಜ ಗೊತ್ತಿಲ್ಲ. ಇದನ್ನು ಬರೆದು ಮುಗಿಸಿದ ಮೇಲೆ ಅವನ ಕೈಗೆ ಕೊಡಬೇಕೆಂದು ಕೂತಿದ್ದೇನೆ. ಕೊಡುತ್ತೇನೆಯೋ ಇಲ್ಲವೋ, ನನ್ನನ್ನೇ ನಾನು ನಂಬುವ ಹಾಗಿಲ್ಲ.

ನಾವು ಅವರನ್ನು ಕಡೆಯ ಸಲ ನೋಡಿದ್ದು ಮೈಸೂರಿನಲ್ಲಿ, ಮಗಳಿಗೆ ಹನ್ನೊಂದು ತುಂಬಿದ ಬೇಸಿಗೆಯಲ್ಲಿ. ಒಂದು ಸಂಜೆ ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಚೀಲ ಹಿಡಿದು, ಚಪ್ಪಲಿ ಮೆಟ್ಟಿ ಮೊಮ್ಮಗಳನ್ನು ಕರೆದರು. ಬೀದಿಯ ತುದಿಯ ಅಂಗಡಿಯಿಂದ ಅವಳಿಗೆ ಬಳೆ ಕೊಡಿಸಬೇಕಂತೆ. ಮಗಳು ಹೊರಟು ನಿಂತಿದ್ದಳು. ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ ಹೇಳಿದ.

"ಅಮ್ಮ, ಅವಳನ್ನ ನಿನ್ನ ಜೊತೆ ಒಬ್ಳೇ ಕಳ್ಸಲ್ಲ. ಬೇಕಾದ್ರೆ ನಾಳೆ ನಾನೇ ಕರ್ಕೊಂಡ್ ಹೋಗ್ತೀನಿ."

ಅತ್ತೆ ಸರಿ ಬಿಡಪ್ಪ ಎಂದು, ಗೋಡೆ ಹಿಡಿದು ಬಗ್ಗಿ, ಒಂದೊಂದಾಗಿ ಚಪ್ಪಲಿ ಬಿಚ್ಚಿದರು. ನನ್ನ ಕಡೆ ನೋಡಲಿಲ್ಲ. ನಾನು ಮೂರಡಿ ದೂರದಲ್ಲಿ ನಿಂತಿದ್ದೆ, ಒಂದೇ ಒಂದು ವಾಕ್ಯ ಸಾಕಿತ್ತು. ಎಲ್ಲರಿಗೂ ಕಾಫಿ ಮಾಡಲಾ ಎಂದು ಕೇಳಿದೆ.